ಕರುವಿಗೆ ಕಟ್ಟಿದ ಹಲ್ಲು

ಅಲುಗಾಡುವ ಹಾಲುಹಲ್ಲಿನಷ್ಟು ಸುಲಭವಾಗಿ ಸಲಹೆಗಾರರನ್ನು ಒಟ್ಟುಗೂಡಿಸುವ ವಸ್ತು ಲೋಕದಲ್ಲಿ ಇನ್ನೊಂದಿಲ್ಲ. ಹಲ್ಲು ನನ್ನ ಆರು ವರ್ಷದ ಮಗಳು ಸೌಮ್ಯಳದು. ದಸರಾ ರಜೆಗೆ ಬೆಳಗೊಳದ ಮಾವನ ಮನೆಗೆ ಹೋಗಿದ್ದೆವು. ಶ್ರೀರಂಗಪಟ್ಟಣದ ಹಲ್ಲಿನ ಡಾಕ್ಟರಿಗೆ ತೋರಿಸೋಣ ಎಂದು ನನ್ನ ಹೆಂಡತಿ ಹೇಳಿದಾಗ, ಬೀಳುವ ಹಲ್ಲಿಗೆ ಡಾಕ್ಟರೇ ಎಂದು ನಾನು ಬಿ.ಎಸ್ಸಿ. ಪಾಸಾದವನ ಗಾಂಭೀರ್ಯದಿಂದ ನಕ್ಕೆ. ಮಾವನಿಗೆ ಅಷ್ಟು ಸಾಕಾಯಿತು.

ಉಳಿದವರು ಹಲ್ಲಿನ ದಾರವನ್ನು ಬಾಗಿಲಿಗೆ ಕಟ್ಟುತ್ತಾರೆ. ಹಾಲಿನ ಡೈರಿಗೆ ಎರಡು ಹೊತ್ತೂ ಹಾಲು ಹಾಕುವ ಮಾವನಿಗೆ ಬಾಗಿಲಿಗಿಂತ ಕರುವಿನ ಮೇಲೆ ನಂಬಿಕೆ. ಹಾಲು ಕರೆಯುವ ಹೊತ್ತಿಗೆ ಹಗ್ಗ ಬಿಚ್ಚಿದರೆ ಕರು ಒಂದೇ ನೆಗೆತಕ್ಕೆ ತಾಯಿಯ ಕೆಚ್ಚಲು ಸೇರುತ್ತದೆ. "ಕಣ್ ಮುಚ್ಚಿ ಬುಡಾದ್ರೊಳ್ಗೆ ಅಲ್ಲು ಕೈಗ್ ಬತ್ತದೆ ಕಣಪ್ಪ ಅಳೀಮಯ್ಯ" ಎಂದು ಗೊಬ್ಬರದ ಚೀಲ ಹೊಲಿದಿದ್ದ ದಾರ ಬಿಚ್ಚಿ ತಂದರು. ಒಂದು ತುದಿ ಹಲ್ಲಿಗೆ, ಇನ್ನೊಂದು ಕರುವಿನ ಕೊರಳಿಗೆ. ನಾನು ಕಾಫಿ ಹಿಡಿದುಕೊಂಡು ನೋಡುತ್ತಿದ್ದೆ.

ಲೆಕ್ಕದಲ್ಲಿ ಒಂದೇ ತಪ್ಪು. ಮಾವ ಹಗ್ಗ ಬಿಚ್ಚಿದಾಗ ಹಸು ಇನ್ನೂ ಕೊಟ್ಟಿಗೆಗೆ ಬಂದಿರಲಿಲ್ಲ. ಅದು ನಾಲೆ ಏರಿಯ ಮೇಲಿಂದ ಒಮ್ಮೆ ಅಂಬಾ ಎಂದಿತು. ಕರು ಅತ್ತ ಓಡಿತು. ಹಲ್ಲು ಕೀಳಲು ಒಪ್ಪದ ಸೌಮ್ಯ, ದಾರ ಬಿಗಿಯಾಗದಂತೆ ಬಾಯಿ ತೆರೆದುಕೊಂಡು ಕರುವಿನಷ್ಟೇ ವೇಗವಾಗಿ ಹಿಂದೆ ಓಡಿದಳು. "ದಾರ ಕಡೀರ್ಲಾ" ಎಂದು ಮಾವ ಕೂಗಿದರು. ಆ ದಾರ ಕಡಿಯುವಂಥದ್ದಲ್ಲ. ನಾಲೆ ತುಂಬಿ ಹರಿಯುತ್ತಿತ್ತು. ಕಾಫಿ ಎಲ್ಲಿ ಬಿತ್ತೋ ಗೊತ್ತಿಲ್ಲ; ನಾನು ಓಡಿದ್ದು, ಹಿಂದುಳಿದದ್ದು, ಅವಳ ಹಳದಿ ಲಂಗ ಏರಿ ಹತ್ತಿದ್ದು ಮಾತ್ರ ಇವತ್ತಿಗೂ ಕಣ್ಣು ಮುಚ್ಚಿದರೆ ಮೊದಲಿನಿಂದ ಶುರುವಾಗುತ್ತದೆ. ನಾನು ಏರಿ ಹತ್ತಿದಾಗ ಕರು ಕೆಚ್ಚಲಿಗೆ ಬಾಯಿ ಹಾಕಿತ್ತು. ಮಗಳು ಪಕ್ಕದಲ್ಲಿ ಏದುಸಿರು ಬಿಡುತ್ತಾ ನಿಂತಿದ್ದಳು. ಅವಳ ಹಿಮ್ಮಡಿಯಿಂದ ಒಂದು ಗೇಣಿಗೆ ನೀರು. ಹಲ್ಲು ಇದ್ದಲ್ಲೇ ಇತ್ತು.

ಮರುದಿನ ಯಾರೂ ಸಲಹೆ ಕೊಡಲಿಲ್ಲ. ಶ್ರೀರಂಗಪಟ್ಟಣದ ಡಾಕ್ಟರಮ್ಮ ಮಗಳನ್ನು ಕುರ್ಚಿಯಲ್ಲಿ ಕೂರಿಸಿ, ಕರುವಿನ ಹೆಸರೇನು ಎಂದು ಕೇಳಿದರು. "ಗೌರಿ" ಎನ್ನುವಷ್ಟರಲ್ಲಿ ಹಲ್ಲು ಹತ್ತಿಯೊಳಗಿತ್ತು. ಆಮೇಲೆ ಒಳಗೆ ಬೆಳಕು ಬಿಟ್ಟು ನೋಡಿ, ದವಡೆಯ ಎರಡು ಹಲ್ಲು ಹುಳುಕಾಗಿವೆ, ರಾತ್ರಿ ಬೆಲ್ಲ ಬಾಯಲ್ಲಿಟ್ಟು ಮಲಗಿಸುತ್ತೀರಾ ಎಂದರು. ಹೇಗೂ ಬೀಳುವ ಹಲ್ಲಲ್ಲವೇ ಎಂದೆ. ಇವು ಬೀಳುವುದು ಹತ್ತು ಹನ್ನೆರಡು ವರ್ಷಕ್ಕೆ, ಅಲ್ಲಿಯವರೆಗೆ ಮಗು ಯಾವುದರಲ್ಲಿ ಅಗಿಯಬೇಕು, ಮೊದಲ ಹುಟ್ಟುಹಬ್ಬದ ಹೊತ್ತಿಗೇ ಒಮ್ಮೆ ತೋರಿಸಬೇಕಿತ್ತು ಎಂದರು. ಹುಳುಕು ತುಂಬಿಸಿಕೊಳ್ಳುವಾಗ ಸೌಮ್ಯ ಅಳಲಿಲ್ಲ. ನಾಲೆ ನೋಡಿ ಬಂದವಳಿಗೆ ಕುರ್ಚಿ ಏನು ಲೆಕ್ಕ?

ಹೊರಡುವಾಗ ಡಾಕ್ಟರಮ್ಮ ಹಲ್ಲುನೋವಿನಿಂದ ಊದಿದ್ದ ನನ್ನ ಕೆನ್ನೆ ನೋಡಿ, ಬನ್ನಿ ಕೂತ್ಕೊಳ್ಳಿ ಎಂದರು. ಬಸ್ಸಿಗೆ ಹೊತ್ತಾಯಿತೆಂದು ತಪ್ಪಿಸಿಕೊಂಡೆ. ಈಗಲೂ ತಪ್ಪಿಸಿಕೊಳ್ಳುತ್ತಲೇ ಇದ್ದೇನೆ. ನೋವು ಬಂದು ಕೆನ್ನೆ ಹಿಡಿದು ಕುಳಿತಾಗೆಲ್ಲ ಸೌಮ್ಯ ಎದುರಿಗೆ ಬಂದು ನಿಲ್ಲುತ್ತಾಳೆ.

"ಅಪ್ಪಾ, ಡಾಕ್ಟ್ರತ್ರ ಬತ್ತೀಯಾ, ಇಲ್ಲ ಗೌರಿ ಇಡ್ಕೊಂಡ್ ಬರ್ಲಾ?"