ನಮ್ಮ ಭಾವನ ಕಾರಿನ ನಡಿಗೆ

ಮಹಡಿಯ ಮೇಲೆ ಕೂತು ಸಂಡಿಗೆ ಇಡುತ್ತಿದ್ದೆ, ಎರಡೂ ಕೈಗೆ ಹಿಟ್ಟು. ಆಗ ಟಿ. ನರಸೀಪುರದಿಂದ ಮಗಳ ಫೋನು ಬಂತು. ಸೆರಗಿಗೆ ಕೈ ಒರೆಸಿಕೊಳ್ಳುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಹೋದ ವರ್ಷ ಇಂಥದೇ ಒಂದು ಫೋನಿನಲ್ಲಿ ಅವಳು "ಅಮ್ಮ, ನಿಲ್ಲಲಿಲ್ಲ" ಎಂದು ಅತ್ತಿದ್ದಳು. ಈ ಸಲ ಐದು ತಿಂಗಳು ತುಂಬಿತ್ತು.

"ಅಮ್ಮ, ಡಾಕ್ಟ್ರಮ್ಮ ತವರಿಗೆ ಓಗ್ಬೋದು ಅಂದ್ರು ಕಣಮ್ಮ! ಆದ್ರೆ ಮೈ ಕುಲುಕ್ಬಾರ್ದಂತೆ. ಬಸ್ಸು, ಆಟೋ ಬ್ಯಾಡ್ವಂತೆ. ಕಾರ್ನಲ್ಲಿ, ನಿಧಾನಕ್ಕೆ."

ನಿಧಾನಕ್ಕೆ! ಆ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ಕಣ್ಣ ಮುಂದೆ ಬಂದವನು ನಮ್ಮೂರ ದೇವರು ನಂಜುಂಡಪ್ಪ. ಅವನ ಹಿಂದೆ, ಬಹಳ ತಡವಾಗಿ, ನಮ್ಮ ಭಾವ.

ಭಾವ ಅಂದರೆ ಪಕ್ಕದ ಬೀದಿಯಲ್ಲೇ ಇರುವ ನಮ್ಮಕ್ಕನ ಗಂಡ. ನಂಜನಗೂಡಿನಲ್ಲಿ ಅವರ ಕಾರಿಗಿಂತ ನಿಧಾನವಾದ ಕಾರು ಇದ್ದರೆ ಅದು ಕೆಟ್ಟು ನಿಂತಿರುವ ಕಾರು ಮಾತ್ರ! ಅವರು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಡೀಸೆಲ್ ಉಳಿಸಿದ್ದಕ್ಕೆ ಡಿಪೋದಲ್ಲಿ ಒಮ್ಮೆ ಹಾರ ಹಾಕಿದ್ದರಂತೆ. ನಿವೃತ್ತರಾದರೂ ಆ ಹಾರ ಮನಸ್ಸಿನಿಂದ ಇಳಿದಿಲ್ಲ ನೋಡಿ!

"ಕಾಲ್ಕೆಳ್ಗೆ ಹಪ್ಪಳ ಐತೆ ಅಂದ್ಕಂಡು ತುಳೀಬೇಕು ಕಣವ್ವ. ಹಪ್ಪಳ ಮುರೀಬಾರ್ದು. ಆಗ ಪೆಟ್ರೋಲು ಉಳೀತದೆ" ಎನ್ನುತ್ತಾರೆ.

"ಪೆಟ್ರೋಲು ಉಳೀತದೆ, ಆಯಸ್ಸು ಮುಗೀತದೆ" ಎಂದು ಹಿಂದಿನ ಸೀಟಿನಿಂದ ಅಕ್ಕ.

ಒಮ್ಮೆ ಹುಲ್ಲಹಳ್ಳಿ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ನಮ್ಮನ್ನು ಹಿಂದೆ ಹಾಕಿತು. ಕಬ್ಬಿನ ಮೇಲೆ ಕೂತಿದ್ದವನು ಬಗ್ಗಿ, "ಏನ್ ಸಾ, ಗಾಡಿ ಕೆಟ್ಟೋಯ್ತಾ? ಅಗ್ಗ ಕಟ್ಟಿ ಎಳೀಲಾ?" ಅಂದ. ಅಕ್ಕನಿಗೆ ತಲೆತಗ್ಗಿಸುವಂತಾಯಿತು. ಭಾವನಿಗೆ? "ಬ್ಯಾಡ ಕಣಪ್ಪ, ನೀನು ಮುಂದೆ ಓಗಿ ಗಾಳಿ ತಡಿ, ನಂಗೆ ಪೆಟ್ರೋಲು ಉಳೀತದೆ, ಅಷ್ಟು ಸಾಕು!" ಎಂದರು.

ಬಿಳಿಗೆರೆಯ ಮದುವೆಗಂತೂ ಮುಹೂರ್ತಕ್ಕೆಂದೇ ಹೊರಟಿದ್ದೆವು. ನಾವು ಹೊರಟು ಎಷ್ಟೋ ಹೊತ್ತಾದ ಮೇಲೆ ಬಸ್ಸು ಹತ್ತಿದ್ದ ನನ್ನ ಯಜಮಾನರು ಛತ್ರದ ಬಾಗಿಲಲ್ಲಿ ಎಲೆ ಅಡಿಕೆ ಜಗಿಯುತ್ತ ನಿಂತಿದ್ದರು. "ಬನ್ನಿ ಅಣ್ಣ, ಮದ್ವೆ ಮುಗೀತು. ಸೀಮಂತಕ್ಕೆ ಸರಿಯಾಗಿ ಬಂದ್ರಿ!"

"ಊಟ ಮುಗ್ದಿಲ್ವಲ್ಲ, ನಡೀರಿ" ಎಂದು ಭಾವ ನೇರ ಪಂಕ್ತಿಗೆ ಹೋದರು.

ಇಂಥವರ ಮುಂದೆ ನಾನು ಮಗಳ ವಿಷಯ ಹೇಳಿದೆ. ಏನಾದರೂ ಉಪದೇಶ ಬರುತ್ತದೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ: "ಯಾವತ್ತು ಓಗ್ಬೇಕವ್ವ?"

ಆ ದಿನ ಬಿಸಿಲೋ ಬಿಸಿಲು. ಹಿಂದಿನ ಸೀಟಿನಲ್ಲಿ ಮಗಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಒರಗಿದಳು. ನರಸೀಪುರ ಬಿಟ್ಟ ಮೇಲೆ ಎದುರಾದ ಒಂದೊಂದು ಹಂಪನ್ನೂ ಕಾರು ಹೊಸ್ತಿಲು ಹತ್ತುವ ಇರುವೆಯ ಹಾಗೆ ಹತ್ತಿ ಇಳಿಯಿತು. ನಾನು "ಶಿವಾ, ಶಿವಾ" ಅನ್ನುತ್ತ ಅವಳ ಹೊಟ್ಟೆಯ ಮೇಲೆ ಕೈಯಿಟ್ಟಿದ್ದೆ. ಹಿಂದಿದ್ದ ಬಸ್ಸಿನವನು ಹಾರನ್ ಹೊಡೆದು ಹೊಡೆದು ಸಾಕಾಗಿ, ಪಕ್ಕಕ್ಕೆ ಬಂದು ಕೂಗಿದ: "ಯಜಮಾನ್ರೇ, ಕಾರು ಓಡುಸ್ತಿದ್ದೀರೋ, ಹೊತ್ಕಂಡ್ ಓಗ್ತಿದ್ದೀರೋ?"

"ಹೊತ್ಕಂಡೇ ಕಣಯ್ಯ" ಅಂದರು ಭಾವ. ಈ ಸಲ ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ದೇವರು ಕೊಟ್ಟ ಚಿಕ್ಕಪುಟ್ಟದ್ದನ್ನು ನೆನೆದುಕೊಳ್ಳುವುದು ನನ್ನ ಅಭ್ಯಾಸ. ದನ ಅಡ್ಡ ಬರಲಿಲ್ಲ. ಮಗಳಿಗೆ ವಾಂತಿಯಾಗಲಿಲ್ಲ. ತಿಂಗಳುಗಟ್ಟಲೆ ಹೆದರಿ ಹೆದರಿ ನಿದ್ದೆಗೆಟ್ಟಿದ್ದವಳು ಅರ್ಧ ದಾರಿಯಲ್ಲೇ ನಿದ್ದೆಹೋದಳು, ಬಾಯಿ ತೆರೆದುಕೊಂಡು, ಚಿಕ್ಕವಳಿದ್ದಾಗ ಮಲಗುತ್ತಿದ್ದ ಹಾಗೆ. ಬೇಗ ತಲುಪಬೇಕೆಂದು ಜೀವಮಾನವೆಲ್ಲ ಓಡಿದ್ದೇನೆ. ಆವತ್ತು ಮಾತ್ರ ದಾರಿ ಇನ್ನೂ ಸ್ವಲ್ಪ ಇರಬಾರದೇ ಅನ್ನಿಸಿತು.

ಮನೆ ಬಂತು. ಹೊಂಗೆಮರದ ನೆರಳಲ್ಲಿ ಕಾರು ನಿಂತಿತು. ಮಗಳ ತಲೆಯನ್ನು ಮೆಲ್ಲಗೆ ದಿಂಬಿಗೆ ಜಾರಿಸಿ ಇಳಿದೆ. ನೋಡಿದರೆ ಎಂಜಿನ್ ಇನ್ನೂ ಗುರುಗುಡುತ್ತಲೇ ಇದೆ! ನಮ್ಮ ಭಾವ ಇದನ್ನು ಮರೆಯುವುದುಂಟೇ?

"ಭಾವ, ಆಫ್ ಮಾಡ್ಲಿಲ್ವಲ್ಲ! ಪೆಟ್ರೋಲು ಸುಮ್ನೆ ಉರೀತಾ ಐತೆ."

ಅವರು ತುಟಿಯ ಮೇಲೆ ಬೆರಳಿಟ್ಟರು. "ಉರೀಲಿ ಬುಡವ್ವ. ಆಫ್ ಮಾಡುದ್ರೆ ಏಸಿ ನಿಂತೋಯ್ತದೆ, ಸೆಕೆಗೆ ಎದ್ಬುಡ್ತಾಳೆ. ಎಷ್ಟೊತ್ತು ಮಲುಗ್ತಾಳೋ ಮಲುಗ್ಲಿ."

ಬಾಗಿಲಲ್ಲಿ ಕಾಯುತ್ತಿದ್ದ ಅಕ್ಕ ಬರಿಗಾಲಲ್ಲೇ ಬಂದು, ನಾನು ತೆರೆದಿಟ್ಟಿದ್ದ ಕಾರಿನ ಬಾಗಿಲನ್ನು ಮೆಲ್ಲಗೆ ಒತ್ತಿ ಮುಚ್ಚಿದಳು. ಎಲ್ಲಿಗೂ ಹೋಗದ ಕಾರಿನಲ್ಲಿ ಭಾವ ಸ್ಟೀರಿಂಗ್ ಹಿಡಿದು, ಕನ್ನಡಿಯಲ್ಲಿ ಅವಳನ್ನೇ ನೋಡುತ್ತ ಕೂತಿದ್ದರು. ನಾನು ಒಳಗೆ ಹೋಗಿ, ಪಾತ್ರೆ ಸದ್ದಾಗದ ಹಾಗೆ ಕೆಳಗಿಳಿಸಿ, ಅನ್ನಕ್ಕೆ ಅಕ್ಕಿ ತೊಳೆಯತೊಡಗಿದೆ.