ಅತ್ತೆಯ ಪೆಟ್ಟಿಗೆ ಆಕಾಶಕ್ಕೇರಿದ್ದು

ಈ ವರ್ಷ ಕಪ್ ನನ್ನದೇ! ಹೀಗೆಂದು ಡಿಸೆಂಬರ್ ಒಂದನೇ ತಾರೀಕು ಬೆಳಿಗ್ಗೆ, ಬಾಯಲ್ಲಿ ಬ್ರಶ್ ಇರುವಾಗಲೇ, ಜಗತ್ತಿಗೆ ಸಾರಿದೆ. ಆ ಹೊತ್ತಿಗೆ ಜಗತ್ತು ಎಂದರೆ ಹೆಂಡತಿ ನವ್ಯಶ್ರೀ ಮತ್ತು ತೆಂಗಿನ ಮರದ ಮೇಲೆ ಕುಳಿತಿದ್ದ ಒಂದು ಕಾಗೆ. ಇಬ್ಬರೂ ನಂಬಲಿಲ್ಲ.

"ಹ್ವಾಯ್, ಮೊದ್ಲ್ ಬಾಯಿ ಮುಕ್ಕಳ್ಸಿ. ಪ್ರತಿ ವರ್ಷ ಹೇಳುದ್ ಅದನ್ನೇ ಅಲ್ದಾ?" ಎಂದಳು ನವ್ಯ.

ಅವಳ ಸಂಶಯಕ್ಕೆ ಕಾರಣವಿದೆ. ನಾನು ಜಿತೇಂದ್ರ, ಬೈಂದೂರು ಕಡೆಯ ಒಂದು ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು. ವಾರದಲ್ಲಿ ಆರು ದಿನ ಗುರುತ್ವಾಕರ್ಷಣೆಯ ಪಾಠ ನಾನು ಮಾಡುತ್ತೇನೆ. ಭಾನುವಾರ ಅದೇ ಗುರುತ್ವಾಕರ್ಷಣೆ ನನಗೆ ಪಾಠ ಮಾಡುತ್ತದೆ. ಕೋಟದಲ್ಲಿ ಕೊಯ್ಲು ಮುಗಿದ ಗದ್ದೆಯೊಂದರಲ್ಲಿ ನಮ್ಮ ಕ್ಲಬ್ಬಿನ ಹತ್ತು ಹನ್ನೆರಡು ಮಂದಿ ಸೇರಿ ರಿಮೋಟ್ ವಿಮಾನ ಹಾರಿಸುತ್ತೇವೆ. ಜನವರಿಯಲ್ಲಿ ಗ್ಲೈಡರ್ ಸ್ಪರ್ಧೆ. ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಉದ್ದನೆಯ ರಬ್ಬರಿನಿಂದ ಎಳೆದು ಮೇಲಕ್ಕೆ ಚಿಮ್ಮಿಸುವುದು, ಆಮೇಲೆ ರಿಮೋಟಿನಲ್ಲಿ ರೆಕ್ಕೆ ಬಾಲ ತಿರುಗಿಸುತ್ತ ಬಿಸಿಗಾಳಿಯ ಮೇಲೆ ತೇಲಿಸುವುದು. ಯಾರದು ಹೆಚ್ಚು ಹೊತ್ತು ಮೇಲಿರುತ್ತದೋ ಅವರಿಗೆ ಕಪ್!

ನನ್ನ ದಾಖಲೆ ಹೀಗಿದೆ. ಮೊದಲ ವರ್ಷ ನಲವತ್ತು ಸೆಕೆಂಡು, ಇಳಿದದ್ದು ಬಾವಿಗೆ. ಎರಡನೇ ವರ್ಷ ಹುಲ್ಲಿನ ಕುತ್ರೆಗೆ. ಮೂರನೇ ವರ್ಷದ್ದು ಇನ್ನೂ ಇಳಿದೇ ಇಲ್ಲ! ಗದ್ದೆಯ ಅಂಚಿನ ತೆಂಗಿನ ಮರದಲ್ಲಿದೆ, ಅದರೊಳಗೆ ಅಳಿಲು ಸಂಸಾರ ಹೂಡಿದೆ.

ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಅತ್ತೆಯ ಹೊಗಳಿಕೆ. ಅತ್ತೆ ಸೀತು ನಾವುಂದದಲ್ಲಿ ಮೂವತ್ತು ವರ್ಷದಿಂದ ಮೀನು ಮಾರುವವರು. ಗಿರಾಕಿಗಳ ಹತ್ತಿರ ನನ್ನ ಬಗ್ಗೆ ಹೇಳುವುದು ಒಂದೇ ಮಾತು: "ನಮ್ ಅಳಿಯ ಭಾರೀ ಒಳ್ಳೆಯವ್ರ್. ಆಟದ್ ಸಾಮಾನ್ ಬಿಟ್ರೆ ಬೇರೆ ಎಂತ ಚಟವೂ ಇಲ್ಲೆ."

ಆಟದ ಸಾಮಾನು! ಈ ಸಲ ಅತ್ತೆಯೇ ಗದ್ದೆಗೆ ಬರಬೇಕು, ಅವರ ಕಣ್ಣೆದುರೇ ನಾನು ಕಪ್ ಎತ್ತಬೇಕು ಎಂದು ನಿಶ್ಚಯಿಸಿದೆ.

ಅದಕ್ಕೆ ಬೇಕಾದದ್ದು ಹಗುರವಾದ, ಗಟ್ಟಿಯಾದ ರೆಕ್ಕೆ. ಒಂದು ಭಾನುವಾರ ನಾವುಂದಕ್ಕೆ ಹೋದಾಗ ಅತ್ತೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಒಂದು ಥರ್ಮೋಕೋಲ್ ಪೆಟ್ಟಿಗೆ ಬೋರಲಾಗಿ ಬಿದ್ದಿತ್ತು. ಆಹಾ, ಎಂಥ ದಪ್ಪ, ಎಂಥ ನುಣುಪು! ಹಳೆಯದು, ಎಸೆದಿದ್ದಾರೆ ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಗೋಣಿಯಲ್ಲಿ ಸುತ್ತಿ ಸ್ಕೂಟರಿನ ಮುಂದೆ ಇಟ್ಟುಕೊಂಡು ಬಂದೆ.

ಮರುದಿನ ಸಂಜೆಯೊಳಗೆ ಪೆಟ್ಟಿಗೆಯ ಗೋಡೆಗಳು ರೆಕ್ಕೆಗಳಾದವು, ಮುಚ್ಚಳ ಬಾಲವಾಯಿತು. ಅಷ್ಟರಲ್ಲಿ ನವ್ಯ ಫೋನ್ ಹಿಡಿದುಕೊಂಡು ಬಂದಳು.

"ಅಮ್ಮನ ಐಸಿನ್ ಪೆಟ್ಟಿಗಿ ಯಾರೋ ಕದ್ಕಂಡ್ ಹೋಯಿರ್ ಅಂಬ್ರ್! ಮುಂಬೈಯಿಂದ ಮಾವ ಕಳ್ಸದ್ದ್. ಮಧ್ಯಾಹ್ನದ್ ವರಿಗೂ ಐಸ್ ಕರಗ್ತಿರ್ಲಿಲ್ಲೆ. ತೊಳ್ದ್ ಒಣಗುಕೆ ಬೋರಲ್ ಹಾಕದ್ದ್, ಕಾಂತಿಲ್ಲೆ!"

ಕೈಯಲ್ಲಿದ್ದ ರೆಕ್ಕೆಯನ್ನು ಬೆನ್ನ ಹಿಂದೆ ಅಡಗಿಸಿದೆ.

"ಯಾರ್ ಮೇಲೆ ಸಂಶಯ ಅಂಬ್ರ್?" ಎಂದೆ ಮೆಲ್ಲಗೆ.

"ಆಟೋದ್ ನಾಗನ್ ಮೇಲೆ. ಅವ್ನೇ ದಿನಾ ಆ ಪೆಟ್ಟಿಗಿ ಎತ್ತಿ ಇಳ್ಸುದಲ್ದಾ? ಅಮ್ಮ ಅವ್ನತ್ರ ಮಾತ್ ಬಿಟ್ರ್. ಕದ್ದವ ಹತ್ತ್ ಜನರ್ ಎದ್ರಿಗೆ ಸಿಕ್ಕಿ ಬೀಳ್ಕ್ ಅಂದ್ ಹಾಯ್ಗುಳಿ ದೈವಕ್ಕೆ ಹರ್ಕಿಯೂ ಹೇಳ್ಕಂಡಿರ್."

ಆ ಕ್ಷಣವೇ ಒಪ್ಪಿಕೊಂಡಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಪೆಟ್ಟಿಗೆಯನ್ನು ಆಗಲೇ ಹನ್ನೊಂದು ತುಂಡು ಮಾಡಿದ್ದೆ! ಕಪ್ ಗೆದ್ದ ಮೇಲೆ, ಅತ್ತೆ ಖುಷಿಯಲ್ಲಿರುವಾಗ, ಹೊಸ ಪೆಟ್ಟಿಗೆ ಕೈಗಿಟ್ಟು ಹೇಳಿದರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿದೆ. ಅತ್ತೆ ನಾಗನ ಆಟೋ ಬಿಟ್ಟು, ಮೀನಿನ ಬುಟ್ಟಿ ಹೊತ್ತು ಬಸ್ಸಿಗೆ ಕಾಯುತ್ತಿದ್ದಾರೆಂದು ಕೇಳಿದಾಗ ಮಾತ್ರ ಊಟ ಅರ್ಧಕ್ಕೇ ಬಿಟ್ಟು ಎದ್ದೆ. ಆದರೂ ಬಾಯಿ ಬಿಡಲಿಲ್ಲ. ಅಳಿಯನಾದವನಿಗೆ ಮರ್ಯಾದೆ ಎಂಬುದೊಂದು ಇರುತ್ತದಲ್ಲ!

ಇನ್ನೊಂದು ಸಮಸ್ಯೆ ಉಳಿದಿತ್ತು. ನವ್ಯ ಮೀನಿನ ಮನೆಯಲ್ಲಿ ಹುಟ್ಟಿ ಬೆಳೆದವಳು.

"ನಿಮ್ ವಿಮಾನ ಬಂಗ್ಡಿ ವಾಸ್ನಿ ಬತ್ತಿತ್ತಲೆ?"

"ಅದ್ ಅಂಟಿನ್ ವಾಸ್ನಿ ಮಾರಾಯ್ತಿ!"

"ನಂಗ್ ಬಂಗ್ಡಿ ಗೊತ್ತಾತಿಲ್ಯಾ? ಮೀನಿನ್ ಪೆಟ್ಟಿಗಿ ಎಷ್ಟ್ ತೊಳ್ದ್ರೂ ಅಷ್ಟೇ. ನೆರಳಗೆ ಸುಮ್ನಿರತ್ತ್, ಬಿಸ್ಲ್ ಬಿದ್ದ್ ಕೂಡ್ಲೆ ಎದ್ದ್ ಬತ್ತ್."

ವಿಜ್ಞಾನದ ಎದುರು ಬಂಗುಡೆ ಎಷ್ಟರದು! ಸಾಬೂನು ಹಾಕಿ ತಿಕ್ಕಿದೆ, ಲಿಂಬೆಹಣ್ಣು ಉಜ್ಜಿದೆ, ಊದುಬತ್ತಿಯ ಹೊಗೆ ಹಿಡಿದೆ, ಕೊನೆಗೆ ಮೈಗೆಲ್ಲ ಕಂದು ಬಣ್ಣದ ಕಾಗದ ಅಂಟಿಸಿದೆ. ರೆಕ್ಕೆಯ ಒಂದು ಕಡೆ ಕೆಂಪು ಬಣ್ಣದಲ್ಲಿ ಏನೋ ಅಕ್ಷರಗಳಿದ್ದವು, ಓದುವ ಗೋಜಿಗೆ ಹೋಗಲಿಲ್ಲ. ಅವೂ ಕಾಗದದಡಿ ಅಡಗಿದವು. ಗ್ಲೈಡರಿಗೆ 'ಗಗನವಿಜಯ' ಎಂದು ಹೆಸರಿಟ್ಟೆ.

ಸ್ಪರ್ಧೆಯ ದಿನ ಬಂತು. ಗದ್ದೆಯ ಯಜಮಾನರೂ ಕ್ಲಬ್ಬಿನ ಅಧ್ಯಕ್ಷರೂ ಆದ ಗಣಪಯ್ಯನವರು ಕೈಗಡಿಯಾರ, ನಿಯಮದ ಪುಸ್ತಕ, ಕೊಡೆ ಮೂರನ್ನೂ ಹಿಡಿದು ಕುಳಿತಿದ್ದರು. ಅತ್ತೆ ಒಳ್ಳೆಯ ಸೀರೆ ಉಟ್ಟು ನವ್ಯನ ಜೊತೆ ಬದುವಿನ ಮೇಲೆ ಕೂತರು. ಕುಂದಾಪುರದ ಶೈಲೇಶನ ವಿದೇಶಿ ಗ್ಲೈಡರ್ ಆರು ನಿಮಿಷ ನಲವತ್ತು ಸೆಕೆಂಡು ತೇಲಿ ಎಲ್ಲರಿಂದ ಚಪ್ಪಾಳೆ ಗಿಟ್ಟಿಸಿತು.

ಕೊನೆಯ ಸರದಿ ನನ್ನದು. ಹನ್ನೊಂದು ಗಂಟೆಯ ಸುಡುಬಿಸಿಲು. ರಬ್ಬರ್ ಬಿಟ್ಟದ್ದೇ ತಡ, ಗಗನವಿಜಯ ಸರ್ರನೆ ಏರಿತು! ಒಂದು ನಿಮಿಷ, ಎರಡು ನಿಮಿಷ, ಬಿಸಿಗಾಳಿ ಸಿಕ್ಕಿತು, ಇನ್ನೂ ಮೇಲೆ! ಅಷ್ಟರಲ್ಲಿ ಒಂದು ಗಿಡುಗ ಬಂದು ಅದರ ಪಕ್ಕದಲ್ಲೇ ಸುತ್ತತೊಡಗಿತು. ಹಿಂದೆ ಮತ್ತೊಂದು, ಮಗದೊಂದು.

"ಕಾಣಿ ಅತ್ತೆ!" ಎಂದು ಕೂಗಿದೆ. "ಹಕ್ಕಿಗಳೂ ನನ್ ವಿಮಾನನ ತಮ್ ಜಾತಿ ಅಂದ್ ಒಪ್ಕಂಡ್ವ್!"

"ಜಾತಿ ಅಂದ್ ಅಲ್ಲ," ಎಂದಳು ನವ್ಯ ತಣ್ಣಗೆ, "ಊಟ ಅಂದ್."

ಐದನೇ ನಿಮಿಷಕ್ಕೆ ಮೊದಲ ಗಿಡುಗ ಗಗನವಿಜಯದ ಬೆನ್ನಿಗೆ ಉಗುರು ಹಾಕಿತು. ಎಡಕ್ಕೆ ತಿರುಗಿಸಿದೆ, ಗಿಡುಗ ಬಲಕ್ಕೆ ಹೋಯಿತು. ಕೆಳಗಿಳಿಸಿದೆ, ಅದು ಮೇಲೇರಿತು. ನನ್ನ ರಿಮೋಟಿನಲ್ಲಿ ಎಲ್ಲ ಗುಂಡಿಗಳಿದ್ದವು, ಗಿಡುಗದ್ದೊಂದು ಇರಲಿಲ್ಲ! ಅದು ಬಿಟ್ಟರೆ ಇನ್ನೊಂದು ಹಿಡಿಯುತ್ತಿತ್ತು, ಅದರಿಂದ ಮತ್ತೊಂದು ಕಸಿಯುತ್ತಿತ್ತು. ಕಂದು ಕಾಗದ ಚೂರುಚೂರಾಗಿ ಗದ್ದೆಗೆಲ್ಲ ಉದುರಿತು. ಹಾಗೆ ಆರು ನಿಮಿಷ ಆಕಾಶದಲ್ಲಿ ಕಬಡ್ಡಿ ನಡೆದ ಮೇಲೆ, ಒಳಗೆ ಮೀನಿಲ್ಲವೆಂದು ಖಾತ್ರಿಯಾಗಿ, ಮೂರೂ ಸೇರಿ ಅದನ್ನು ಕೈಬಿಟ್ಟವು.

ಅಷ್ಟು ದೊಡ್ಡ ಗದ್ದೆಯಲ್ಲಿ ಬಿದ್ದದ್ದೆಲ್ಲಿ? ಅತ್ತೆಯ ಕಾಲ ಬುಡದಲ್ಲಿ!

ಅತ್ತೆ ರೆಕ್ಕೆ ಎತ್ತಿಕೊಂಡರು. ಮೂಸಿದರು. ತಿರುಗಿಸಿದರು. ಕಾಗದ ಕಿತ್ತುಹೋದ ಜಾಗದಲ್ಲಿ ಕೆಂಪು ಅಕ್ಷರ ಫಳಫಳ ಹೊಳೆಯುತ್ತಿತ್ತು: 'ಸೀತು, ನಾವುಂದ.' ಸಂತೆಯಲ್ಲಿ ಎಲ್ಲರ ಪೆಟ್ಟಿಗೆಯೂ ಒಂದೇ ತರ ಇರುವುದರಿಂದ ಮಾರುವವರೆಲ್ಲ ಹೆಸರು ಬರೆದುಕೊಳ್ಳುತ್ತಾರಂತೆ. ನನಗೆ ಗೊತ್ತಿರಬೇಕಿತ್ತು!

"ಮಾಷ್ಟ್ರೆ," ಎಂದರು ಅತ್ತೆ, "ಇದ್ ನನ್ನ್ ಪೆಟ್ಟಿಗಿ ಅಲ್ದಾ?"

ಸುತ್ತ ನಿಂತವರನ್ನು ಎಣಿಸಿದೆ. ಸರಿಯಾಗಿ ಹತ್ತು ಜನ. ಹಾಯ್ಗುಳಿಯ ಲೆಕ್ಕ ತಪ್ಪುವುದಿಲ್ಲ.

"ಹೌದ್ ಅತ್ತೆ," ಎಂದೆ. "ತಪ್ಪಾಯ್ತ್."

ಬೈಗುಳಕ್ಕೆ ಕಿವಿ ತೆರೆದು ನಿಂತೆ. ಅತ್ತೆ ಬೈಯಲಿಲ್ಲ. ಅವರ ಕಣ್ಣಲ್ಲಿ ನೀರು ಬಂತು.

"ಪಾಪ, ಆ ನಾಗನತ್ರ ಇಪ್ಪತ್ತ್ ದಿನ ಮಾತಾಡ್ಲಿಲ್ಲೆ ನಾನ್. ಒಂದ್ ಮಾತ್ ಕೇಂಡಿರೆ ನಾ ಕೊಡ್ತಿರ್ಲಿಲ್ಯಾ? ನೀವ್ ಬೇರೆಯವ್ರಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತಿಗೆ ನಿಜವಾಗಿಯೂ ನಾಚಿಕೆಯಾಯಿತು. ರಿಮೋಟ್ ಹಿಡಿದುಕೊಂಡು, ಹೋಂವರ್ಕ್ ಮಾಡದೆ ಬಂದ ಹುಡುಗನಂತೆ ತಲೆತಗ್ಗಿಸಿ ನಿಂತೆ.

ಅಷ್ಟರಲ್ಲಿ ಗಣಪಯ್ಯನವರು ಗಂಟಲು ಸರಿಮಾಡಿಕೊಂಡರು. "ಹನ್ನೊಂದ್ ನಿಮಿಷ ಇಪ್ಪತ್ತ್ ಸೆಕೆಂಡ್. ಪ್ರಥಮ!"

"ಅದೆಂತ ನ್ಯಾಯ?" ಎಂದು ಶೈಲೇಶ ಹಾರಿಬಿದ್ದ. "ಹಾರ್ಸದ್ದ್ ಗಿಡುಗ!"

"ನೆಲ ಮುಟ್ಟುವರಿಗೆ ಅಂದ್ ಪುಸ್ತಕದಗೆ ಬರ್ದಿತ್ತ್. ಯಾರ್ ಹಾರ್ಸ್ಕ್ ಅಂದ್ ಬರ್ದಿಲ್ಲೆ," ಎಂದು ಗಣಪಯ್ಯ ಪುಸ್ತಕ ಮುಚ್ಚಿದರು.

ಹೀಗೆ ನಾಲ್ಕು ವರ್ಷದ ತಪಸ್ಸು ಫಲಿಸಿತು! ಮರುದಿನವೇ ಹಾಯ್ಗುಳಿಗೆ ಕಾಯಿ ಒಡೆದೆ. ನಾಗನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವನು ನಕ್ಕು ಚಾ ಕೊಟ್ಟ, ಅತ್ತೆ ಮತ್ತೆ ಅವನ ಆಟೋ ಹತ್ತಿದರು. ಹೊಸ ಪೆಟ್ಟಿಗೆ ತಂದುಕೊಟ್ಟೆ, ಅದರ ಮೇಲೆ ಕೆಂಪು ಅಕ್ಷರ ಬರೆದದ್ದೂ ನಾನೇ. ಕಪ್ಪನ್ನೂ ಅತ್ತೆಯ ಕೈಗಿಟ್ಟೆ. ತಿರುಗಿಸಿ ನೋಡಿ, "ಅಡ್ಡಿಲ್ಲೆ, ಮೀನಿಗ್ ನೀರ್ ಚಿಮ್ಕ್ಸುಕಾತ್," ಎಂದರು.

ಹೋದ ಭಾನುವಾರ ನಾವುಂದದಲ್ಲಿ ಅತ್ತೆಯ ಹಿಂದೆ ಕೊಡೆ ಹಿಡಿದು ನಿಂತಿದ್ದೆ. ಅತ್ತೆ ನನ್ನ ಕಪ್ಪಿನಿಂದ ಬಂಗುಡೆಗೆ ನೀರು ಹಾಕುತ್ತಿದ್ದರು. ಗಿರಾಕಿಯೊಬ್ಬಳು ಕಣ್ಣರಳಿಸಿದಳು.

"ಸೀತಕ್ಕ, ಚಂದದ್ ಕಪ್ಪ್! ನಿಮ್ ಅಳಿಯ ಗೆದ್ದದ್ದಾ?"

ನಾನು ಎದೆಯುಬ್ಬಿಸಿದೆ.

"ಇಲ್ಲೆ ಮಾರಾಯ್ತಿ," ಎಂದರು ಅತ್ತೆ. "ಗೆದ್ದದ್ದ್ ಗಿಡುಗ. ಅದಕ್ ಸ್ಟೇಜಿಗ್ ಬಪ್ಪುಕಾಯ್ಲಿಲ್ಲೆ, ನಮ್ ಮಾಷ್ಟ್ರ್ ಹೋಯಿ ತಕಂಡ್ ಬಂದ್ರ್."