ನೋಡಾಕ ಬರ್ತಾರ

ಎಲ್ಲ ಎಡವಟ್ಟಿಗೂ ಮೂಲ ಎರಡೇ ಎರಡು ಮಾತು. ಗೊಲ್ಲಾಳಮ್ಮನ ಕಿರಾಣಿ ಅಂಗಡಿಯಲ್ಲಿ ಶೇಂಗಾ ತೂಗಿಸಿಕೊಳ್ಳುತ್ತ ಸುನೀಲಕುಮಾರ ಅವನ್ನು ಆಡಿಬಿಟ್ಟ.

"ನಾಳಿ ಮೈಸೂರಿನವರು ನೋಡಾಕ ಬರ್ತಾರ, ಅತ್ತಿ. ಚಲೋ ಶೇಂಗಾ ಕೊಡು."

ನೋಡುವುದೆಂದರೆ ಅವನ ಮಟ್ಟಿಗೆ ಊರು ನೋಡುವುದು. ಸುರಪುರದ ಕೋಟೆ, ಅರಮನೆ, ಗುಡ್ಡದ ಮೇಲಿನ ಬಂಗಲೆ ನೋಡಿ, ಅವನ ಅಜ್ಜ ಕಟ್ಟಿಸಿದ ಹಳೆಯ ದೊಡ್ಡಮನೆ ವಾಡೆಯಲ್ಲಿ ವಸತಿ ಮಾಡುವುದು. ವಾಡೆಯ ಬಾಗಿಲಿಗೆ 'ಹೆರಿಟೇಜ್ ಹೋಮ್‌ಸ್ಟೇ' ಎಂಬ ಫಲಕ ಏರಿದಾಗಿನಿಂದ ಒಳಗೆ ಬಂದು ಉಳಿದವು ಪಾರಿವಾಳಗಳು ಮಾತ್ರ. ಕಾಕಾ ಸಂಗಣ್ಣ ಖಡಾಖಂಡಿತ ಹೇಳಿದ್ದ: "ಈ ಸಲ ಬಂದ ಮಂದಿ ಫೋನಿನಾಗ ನಾಕು ಚಲೋ ಮಾತು ಬರೀಲಿಲ್ಲಂದ್ರ, ವಾಡೆ ಹತ್ತಿ ಗೋದಾಮಿಗಿ ಕೊಡಾಂವ ನೋಡು ನಾ."

ಗೊಲ್ಲಾಳಮ್ಮನಿಗೆ ಕೇಳಿಸಿದ್ದೇ ಬೇರೆ. ಹುಣಸಗಿ ಶಾಲೆಯಲ್ಲಿ ಪಾಠ ಹೇಳುವ, ಲಗ್ನದ ವಯಸ್ಸಿನ ದಾನೇಶ್ವರಿಯಂಥ ತಂಗಿ ಇರುವವನು 'ನೋಡಾಕ ಬರ್ತಾರ' ಎಂದರೆ ಅದಕ್ಕೆ ಇರುವುದು ಒಂದೇ ಅರ್ಥ. ತಕ್ಕಡಿ ಕೆಳಗಿಳಿಯುವುದರೊಳಗೆ ಸುದ್ದಿ ಓಣಿ ದಾಟಿತ್ತು.

ಮರುದಿನ ಯಾದಗಿರಿ ಸ್ಟೇಶನ್ನಿನಲ್ಲಿ ಮೂವರು ಇಳಿದರು: ಶಿವಮಲ್ಲಪ್ಪ, ಅವರ ಹೆಂಡತಿ ಪುಟ್ಟತಾಯಮ್ಮ, ಮಗ ನಂದೀಶ. ಜೀಪು ದಸ್ತಗೀರಸಾಬನದು. ಸುನೀಲಕುಮಾರನ ಓಣಿಯವನೇ. ಶಹಾಪುರದ ಹತ್ತಿರ ಬಂದಾಗ ಸುನೀಲಕುಮಾರ ಗುಡ್ಡದತ್ತ ಕೈ ಮಾಡಿದ.

"ಅಲ್ಲಿ ನೋಡ್ರಿ ಸರ್, ಬುದ್ಧ ಮಲಗಿದಂಗ ಕಾಣ್ತದ."

"ಹುಡುಗಿ ಮಾತ್ರ ಹೊತ್ತು ಏರೂತನ ಮಲಗಾಕಿ ಅಲ್ರಿ ಸಾಹೇಬ್ರ," ಎಂದ ದಸ್ತಗೀರಸಾಬ ಸ್ಟೇರಿಂಗ್ ಹಿಡಿದುಕೊಂಡೇ. "ಕೋಳಿ ಕೂಗೂದ್ರಾಗ ಅಂಗಳ ಸಾರಿಸಿ ಮುಗಿಸಿರ್ತಾಳ."

ಸುನೀಲಕುಮಾರ ತಬ್ಬಿಬ್ಬಾದ. ಅಷ್ಟರಲ್ಲಿ ಕಾಕಾನ ಫೋನು ಬಂತು.

"ಎಲ್ಲಿ ಅದೀರಿ? ಹುಡುಗ ಹೆಂಗದಾನ? ಎತ್ತರ ಅದಾನಿಲ್ಲ?"

"ಯಾವ ಹುಡುಗ, ಕಾಕಾ?"

"ನಮ್ಮ ದಾನೇಶ್ವರಿನ್ನ ನೋಡಾಕ ಬಂದಾಂವ. ಓಣಿ ಹೆಣಮಕ್ಕಳೆಲ್ಲ ಇಲ್ಲೇ ಕುಂತಾರ, ಮಿರ್ಚಿ ಕರಿಯಾಕತ್ತಾರ. ಜಲ್ದಿ ಬಾ."

ಅಂಗಡಿಯಲ್ಲಿ ತಾನಾಡಿದ ಎರಡು ಮಾತು ಎಲ್ಲಿಗೆ ಮುಟ್ಟಿವೆ ಎಂದು ಸುನೀಲಕುಮಾರನಿಗೆ ಆಗ ತಿಳಿಯಿತು. ಊರು ನೋಡಲು ಬಂದವರ ಕೊರಳಿಗೆ ಕನ್ಯೆ ಕಟ್ಟಲು ಹೊರಟರೆ ಅವರು ಬರೆಯುವ ನಾಲ್ಕು ಮಾತು ಎಂಥವಿರಬಹುದು? ಹತ್ತಿ ಮೂಟೆಗಳು ಒಂದೊಂದಾಗಿ ಬಂದು ಎದೆಯ ಮೇಲೆ ಕುಳಿತಂತಾಯಿತು. ದಾರಿಯಲ್ಲಿ ವನದುರ್ಗದ ಕೋಟೆ ತೋರಿಸುವಾಗ ಅವನಿಗೊಂದು ಉಪಾಯ ಹೊಳೆಯಿತು. ದಸ್ತಗೀರಸಾಬ ಹೊಗಳಿದಷ್ಟನ್ನೂ ತಾನು ತೊಳೆದುಬಿಡುವುದು.

"ಅಂವ ಸುಮ್ಮ ಹೇಳ್ತಾನ್ರಿ," ಎಂದ ಪುಟ್ಟತಾಯಮ್ಮನಿಗೆ. "ನಮ್ಮ ತಂಗಿಗಿ ಸಿಟ್ಟು ಮೂಗಿನ ತುದೀಗೇ ಇರ್ತದ. ರೊಟ್ಟಿ ಬಡದ್ರ ನಕಾಶಿ ಆದಂಗ ಆಗ್ತದ. ಲಗ್ನದ ವಿಚಾರ ಅಂತೂ ನಮ್ಮನ್ಯಾಗ ಯಾರೂ ಮಾಡಿಲ್ರಿ."

ಪುಟ್ಟತಾಯಮ್ಮ ಗಂಡನ ಮುಖ ನೋಡಿದರು. ಶಿವಮಲ್ಲಪ್ಪ ಕೋಟೆಯ ಗೋಡೆ ನೋಡಿದರು. ನಂದೀಶ ಕೆಮ್ಮಿದ.

ವಾಡೆಯ ಮುಂದೆ ಇಳಿದಾಗ ಜಮಖಾನೆ ಹಾಸಿತ್ತು. ಕಾಕಾ ತನ್ನ ಲಗ್ನದ ರುಮಾಲು ಸುತ್ತಿಕೊಂಡು ಕುಳಿತಿದ್ದ. ಗೊಲ್ಲಾಳಮ್ಮ ಆರತಿ ಎತ್ತಿದಳು.

"ಇದು ನಮ್ಮ ಹೋಮ್‌ಸ್ಟೇ ಸ್ವಾಗತ ರೀ," ಎಂದ ಸುನೀಲಕುಮಾರ. "ಎಲ್ಲಾರಿಗೂ ಮಾಡ್ತೀವಿ."

"ಮನಿದೇವರು ಯಾರ್ರಿ?" ಕಾಕಾ ಶುರುವಿಟ್ಟುಕೊಂಡ.

"ಮಲೆ ಮಹದೇಶ್ವರ," ಎಂದರು ಶಿವಮಲ್ಲಪ್ಪ.

"ಹುಡುಗಗ ಚಟ ಗಿಟ?"

"ಉಳಕೊಳ್ಳಾವರಿಗಿ ಇದೆಲ್ಲ ಕೇಳೋದು ಈಗ ಸರಕಾರದ ನಿಯಮ ರೀ," ಎಂದು ಸುನೀಲಕುಮಾರ ನಡುವೆ ಬಾಯಿ ಹಾಕಿದ. ಬೆವರು ಮೂಗಿನಿಂದ ತೊಟ್ಟಿಕ್ಕಿ ಮಿರ್ಚಿಯ ತಟ್ಟೆಗೆ ಬೀಳುವುದರಲ್ಲಿತ್ತು.

"ಇನ್ನಷ್ಟು ಶೇಂಗಾ ಹಿಂಡಿ ಹಾಕ್ರಿ," ಎಂದ ನಂದೀಶ, ಚಟ್ನಿಪುಡಿಯ ಬಟ್ಟಲು ತೋರಿಸಿ. ಮೈಸೂರಿನ ಹುಡುಗ ಎಷ್ಟು ಬೇಗ ನಮ್ಮ ಮಾತು ಕಲಿತನಲ್ಲ ಎಂದು ಸುನೀಲಕುಮಾರನಿಗೆ ಅಂಥ ಹೊತ್ತಿನಲ್ಲೂ ಹೆಮ್ಮೆಯಾಯಿತು.

ಆಗಲೇ ದಾನೇಶ್ವರಿ ಇಳಕಲ್ ಸೀರೆ ಉಟ್ಟು ಚಹಾ ತಂದಳು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಸುನೀಲಕುಮಾರ ಎದ್ದು ಕೈ ಮುಗಿದ.

"ಸರ್, ತಪ್ಪಾಗ್ಯಾದ. ನೀವು ಕನ್ಯಾ ನೋಡಾಕ ಬಂದೀರಂತ ಇವರೆಲ್ಲ ತಿಳಕೊಂಡಾರ. ನನ್ನ ಬಾಯಿಂದಾನೇ ಆದದ್ದು. ಮನಸಿಗಿ ಹಚ್ಕೋಬ್ಯಾಡ್ರಿ."

ಶಿವಮಲ್ಲಪ್ಪ ಬಸಿಯನ್ನು ಮೆಲ್ಲಗೆ ಕೆಳಗಿಟ್ಟರು.

"ಮತ್ತೆ ನಾವು ಯಾತಕ್ಕೆ ಬಂದಿದೀವಿ ಅಂದ್ಕೊಂಡಿದ್ರಿ ನೀವು?"

ಸುನೀಲಕುಮಾರ ತಂಗಿಯತ್ತ ತಿರುಗಿದ. ದಾನೇಶ್ವರಿ ಟ್ರೇ ಅಂಚನ್ನು ಉಜ್ಜುತ್ತ ನಿಂತಿದ್ದಳು.

"ನಂದೀಶ ಅವರು ಹುಣಸಗ್ಯಾಗ ನೌಕರಿ ಮಾಡ್ತಾರಣ್ಣ. ದಿನಾ ಒಂದೇ ಬಸ್ಸು. ನಿನಗ ಹೇಳಾಕ ಧೈರ್ಯ ಆಗಲಿಲ್ಲ. ರೂಮು ಬುಕ್ ಮಾಡ್ರಿ, ನಮ್ಮಣ್ಣ ತಾನಾ ಬಂದು ಕರಕೊಂಡು ಹೋಗ್ತಾನ ಅಂತ ನಾನಾ ಹೇಳಿದ್ದೆ."

"ನನಗ ಮೊದಲೇ ಗೊತ್ತಿತ್ತು," ಎಂದಳು ಏನೂ ಗೊತ್ತಿಲ್ಲದ ಗೊಲ್ಲಾಳಮ್ಮ.

ಸುನೀಲಕುಮಾರನಿಗೆ ವನದುರ್ಗದಲ್ಲಿ ತಾನಾಡಿದ್ದು ನೆನಪಾಯಿತು. ಆದರೆ ಪುಟ್ಟತಾಯಮ್ಮ ನಗುತ್ತಿದ್ದರು. "ನಾಲ್ಕೈದು ಮನೆ ನೋಡಿದೀವಿ ಕಣಮ್ಮ. ಎಲ್ಲ ಕಡೆ ಹುಡುಗಿ ಚಿನ್ನ, ಅಪರಂಜಿ ಅಂದವರೇ. ದೋಷ ಇದ್ದದ್ದನ್ನ ಇದ್ದ ಹಾಗೆ ಹೇಳಿದ ಅಣ್ಣ ಇವರೊಬ್ಬರೇ. ಇಂಥ ನಂಬಿಕಸ್ಥರ ಮನೆ ಬಿಡೋದುಂಟಾ?"

"ಏನೇನ್ ಹೇಳ್ಯಾನ್ರಿ?" ಎಂದು ಕೇಳಿದ ದಾನೇಶ್ವರಿ, ಉತ್ತರ ಬಂದ ಮೇಲೆ ಅಣ್ಣನತ್ತ ನೋಡಿದ ನೋಟದಲ್ಲಿ ಅವನು ಹೇಳಿದ್ದರಲ್ಲಿ ಸಿಟ್ಟಿನ ಮಾತಂತೂ ಖರೆ ಎಂದು ರುಜುವಾತಾಯಿತು.

ಮರುದಿನ ಮುಂಜಾನೆ, ಸಂಬಂಧ ಕುದುರಿದ್ದಕ್ಕೆ ಸಕ್ಕರೆ ಹಂಚಿದ ಮೇಲೆ, ಸುನೀಲಕುಮಾರ ಅಳುಕುತ್ತ ಫೋನು ಚಾಚಿದ. "ಸರ್, ಹೋಮ್‌ಸ್ಟೇ ಬಗ್ಗೆ ಎರಡು ಮಾತು ಬರದ್ರ..."

"ಛೆ, ಬೀಗರ ಮನೆಯನ್ನ ನಾವೇ ಹೊಗಳಿಕೊಂಡರೆ ಜನ ಏನಂತಾರೆ?" ಎಂದರು ಶಿವಮಲ್ಲಪ್ಪ ಅಕ್ಕರೆಯಿಂದ ಬೆನ್ನು ತಟ್ಟುತ್ತ. "ಅಂದ ಹಾಗೆ, ಮದುವೆ ಮುಗಿಯೋವರೆಗೆ ನಮ್ಮ ಕಡೆಯವರು ಬಂದು ಹೋಗಿ ಮಾಡ್ತಿರ್ತಾರೆ. ರೂಮು ಬೇರೆ ಯಾರಿಗೂ ಕೊಡಬೇಡಿ."

"ಬೀಗರು ಇಳಿಯೋ ಮನಿ ಇನ್ನ ಗೋದಾಮಿಗಿ ಹೆಂಗ ಕೊಡೂದು," ಎಂದ ಕಾಕಾ. "ಹಂಗಂತ ಬೀಗರ ಹಂತ್ಯಾಕ ಬಾಡಿಗಿ ಕೇಳಬ್ಯಾಡ ಮತ್ತ. ಮಾನ ಹೋಗ್ತದ."

ಅಷ್ಟರಲ್ಲಿ ಫೋನು ರಿಂಗಣಿಸಿತು. ಪುಣೆಯವರು. ಸುರಪುರ ನೋಡಬೇಕಂತೆ, ಎಂಟು ಮಂದಿ ಇದ್ದಾರಂತೆ, ವಾಡೆಯ ಫೋಟೊ ಬಹಳ ಹಿಡಿಸಿದೆಯಂತೆ.

ಸುನೀಲಕುಮಾರ ಪಡಸಾಲೆಯತ್ತ ನೋಡಿದ. ಶಿವಮಲ್ಲಪ್ಪ ಕಂಬಕ್ಕೆ ಒರಗಿ ಎರಡನೇ ಚಹಾ ಕುಡಿಯುತ್ತಿದ್ದರು.

"ಇಲ್ರಿ," ಎಂದ ಅವನು. "ಹೋಮ್‌ಸ್ಟೇ ಫುಲ್ ಅದ."